ಕುರುಹು ಮತ್ತು ಪುರಾವೆ: ಮಂಗಳದಲ್ಲಿ ಜೀವದ ಶೋಧ

ಭೂಮಿಯಾಚೆ ಜೀವವಿದೆಯೇ ಎಂಬ ಪ್ರಶ್ನೆಗೆ ‘ಇರಬಹುದು’ ಎಂಬ ಉತ್ತರ ಕಳೆದ ಐವತ್ತು ವರ್ಷಗಳಲ್ಲಿ ಹಲವು ಬಾರಿ ಕೇಳಿಬಂದಿದೆ. 1976ರಲ್ಲಿ ಮಂಗಳದ ಮೇಲಿಳಿದ ವೈಕಿಂಗ್ ನೌಕೆಗಳು, 1996ರಲ್ಲಿ ಅಂಟಾರ್ಕ್ಟಿಕಾದ ಒಂದು ಉಲ್ಕಾಶಿಲೆ, 2020ರಲ್ಲಿ ಶುಕ್ರಗ್ರಹದ ಮೋಡಗಳಲ್ಲಿ ಕಂಡಿತೆನ್ನಲಾದ ಫಾಸ್ಫೀನ್ ಅನಿಲ, 2025ರಲ್ಲಿ 124 ಜ್ಯೋತಿರ್ವರ್ಷ ದೂರದ ಗ್ರಹವೊಂದರ ವಾತಾವರಣ, ಅದೇ ವರ್ಷ ಮಂಗಳದ ಒಂದು ಚುಕ್ಕೆಗಲ್ಲು, ಹೀಗೆ ಸುದ್ದಿಯಾದ ಪ್ರಸಂಗಗಳ ಪಟ್ಟಿ ಉದ್ದವಾಗಿದ್ದು, ಅವುಗಳಲ್ಲಿ ಒಂದೂ ಈವರೆಗೆ ಖಚಿತ ಉತ್ತರವಾಗಿ ನಿಂತಿಲ್ಲ. ಇದನ್ನು ವಿಜ್ಞಾನಿಗಳ ಆತುರವೆಂದೋ ಪತ್ರಿಕೆಗಳ ಅತ್ಯುತ್ಸಾಹವೆಂದೋ ತಳ್ಳಿಹಾಕುವುದು ಸುಲಭ; ಎರಡೂ ಸ್ವಲ್ಪ ಮಟ್ಟಿಗೆ ನಿಜವೇ. ಆದರೆ ಮೂಲ ತೊಡಕು ಬೇರೆಡೆ ಇದೆ. ಜೀವಿಗಳು ಉಂಟುಮಾಡುವ ಬಹುತೇಕ ಕುರುಹುಗಳನ್ನು ಜೀವವಿಲ್ಲದ ರಸಾಯನಕ್ರಿಯೆಯೂ ಉಂಟುಮಾಡಬಲ್ಲದಾದ್ದರಿಂದ, ಕುರುಹು ಕಂಡ ಮೇಲೆ ಅದರ ನಿರ್ಜೀವ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ತಳ್ಳಿಹಾಕುವುದೇ ಈ ಶೋಧದ ಬಹುಭಾಗವಾಗುತ್ತದೆ, ಮತ್ತು ಆ ಕೆಲಸಕ್ಕೆ ತಿಂಗಳುಗಳಲ್ಲ, ದಶಕಗಳೇ ಬೇಕಾಗುತ್ತವೆ.

ಭೂಮಿಯಲ್ಲಿ ಜೀವ ಹುಟ್ಟಿದ ಬಗೆ, ಅದು ಬೇರೆಡೆ ಹುಟ್ಟಲು ಬೇಕಾದ ಪರಿಸ್ಥಿತಿ, ಇದ್ದರೆ ಅದನ್ನು ಗುರುತಿಸುವ ಉಪಾಯ, ಈ ಮೂರನ್ನೂ ಒಟ್ಟಿಗೆ ಅಧ್ಯಯನ ಮಾಡುವ ಶಾಸ್ತ್ರಕ್ಕೆ ಖಗೋಳ ಜೀವವಿಜ್ಞಾನವೆಂದು ಹೆಸರು. ಜೀವಿಯೊಂದು ಬಿಟ್ಟುಹೋಗಬಹುದಾದ ಅನಿಲ, ಅಣು, ಖನಿಜ ಅಥವಾ ಕಲ್ಲಿನ ರಚನೆಯನ್ನು ಈ ಶಾಸ್ತ್ರ ‘ಜೈವಿಕ ಕುರುಹು’ ಎಂದು ಕರೆಯುತ್ತದೆ. ಇಂಥ ಕುರುಹು ಹೇಗೆ ಮೋಸಗೊಳಿಸಬಲ್ಲದು ಎಂಬುದಕ್ಕೆ ಬಾಹ್ಯಾಕಾಶ ಯುಗದ ಆರಂಭದಲ್ಲೇ ಒಂದು ನಿದರ್ಶನ ದೊರೆಯಿತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಖಗೋಳವಿಜ್ಞಾನಿ ವಿಲಿಯಂ ಸಿಂಟನ್ ಅವರು ಮಂಗಳದಿಂದ ಬರುವ ಅವಗೆಂಪು ಕಿರಣಗಳನ್ನು ಅಳೆದಾಗ, ಗಿಡಗಳಲ್ಲಿರುವ ಸಾವಯವ ಅಣುಗಳು ಹೀರಿಕೊಳ್ಳುವ ತರಂಗಾಂತರಗಳಲ್ಲೇ ಬೆಳಕು ಕುಂದಿರುವುದು ಕಂಡಿತು. ಮಂಗಳದ ಕಪ್ಪು ಪ್ರದೇಶಗಳಲ್ಲಿ ಸಸ್ಯರಾಶಿ ಇರಬಹುದೆಂಬ ಅಂದಿನ ಊಹೆಗೆ ಅದು ಬಲವಾದ ಆಧಾರವೆನಿಸಿತು. ಕೆಲವೇ ವರ್ಷಗಳ ನಂತರ, 1965ರಲ್ಲಿ, ಆ ಬೆಳಕನ್ನು ಹೀರಿಕೊಂಡದ್ದು ಮಂಗಳದ ಗಿಡಗಳಲ್ಲ, ದೂರದರ್ಶಕದ ಮೇಲಿದ್ದ ಭೂಮಿಯ ಗಾಳಿಯಲ್ಲಿನ ಭಾರಜಲದ ಆವಿ ಎಂದು ಗೊತ್ತಾಯಿತು. ಆ ತಿದ್ದುಪಡಿಯನ್ನು ಪ್ರಕಟಿಸಿದವರಲ್ಲಿ ಸಿಂಟನ್ ಅವರೂ ಒಬ್ಬರಾಗಿದ್ದರೆಂಬುದು ಅವರ ಮೂಲ ವರದಿಗಿಂತ ಹೆಚ್ಚು ನೆನಪಿಡಬೇಕಾದ ಸಂಗತಿ.

ದೂರದಿಂದ ನೋಡಿ ತೀರ್ಮಾನಿಸುವ ಬದಲು ಮಂಗಳದ ಮಣ್ಣನ್ನೇ ಕೈಗೆತ್ತಿಕೊಂಡು ಪರೀಕ್ಷಿಸಬೇಕೆಂಬ ಸಂಕಲ್ಪದಿಂದ ಅಮೆರಿಕದ ನಾಸಾ ಸಂಸ್ಥೆ 1975ರಲ್ಲಿ ವೈಕಿಂಗ್-1 ಮತ್ತು ವೈಕಿಂಗ್-2 ಎಂಬ ಜೋಡಿ ನೌಕೆಗಳನ್ನು ಹಾರಿಸಿತು. ಮೊದಲನೆಯದು 1976ರ ಜುಲೈ 20ರಂದು ಕ್ರೈಸಿ ಬಯಲಿನಲ್ಲಿಯೂ ಎರಡನೆಯದು ಅದೇ ವರ್ಷದ ಸೆಪ್ಟೆಂಬರ್ 3ರಂದು ಯುಟೋಪಿಯಾ ಬಯಲಿನಲ್ಲಿಯೂ ಇಳಿದವು. ಭೂಮಿಯ ಸೂಕ್ಷ್ಮಜೀವಿಗಳು ಅಲ್ಲಿಗೆ ಹೋಗಿ ಫಲಿತಾಂಶವನ್ನು ಕೆಡಿಸಬಾರದೆಂದು ಹಾರಾಟಕ್ಕೆ ಮುನ್ನ ಇಡೀ ಲ್ಯಾಂಡರನ್ನು ಸುಮಾರು 112 ಡಿಗ್ರಿ ಸೆಲ್ಸಿಯಸ್ ಒಣಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಶುದ್ಧೀಕರಿಸಲಾಗಿತ್ತು. ಪ್ರತಿ ಲ್ಯಾಂಡರಿನೊಳಗೂ ಮೂರು ಜೀವಪರೀಕ್ಷೆಗಳನ್ನು ನಡೆಸಬಲ್ಲ ಸುಮಾರು 15 ಕಿಲೋ ತೂಕದ ಪುಟ್ಟ ಪ್ರಯೋಗಾಲಯವಿತ್ತು. ಜೊತೆಗೆ ಮಣ್ಣನ್ನು ಬಿಸಿಮಾಡಿ ಅದರಿಂದ ಹೊರಬರುವ ಅಣುಗಳನ್ನು ಪ್ರತ್ಯೇಕಿಸಿ ತೂಗಿ ಗುರುತಿಸುವ ಮತ್ತೊಂದು ಉಪಕರಣವೂ ಇತ್ತು. ಐವತ್ತು ವರ್ಷಗಳಾದರೂ ಮುಗಿಯದ ವಾದವೊಂದು ಈ ಪೆಟ್ಟಿಗೆಗಳಿಂದ ಹುಟ್ಟಿಕೊಂಡಿತು.

ಮೂರು ಪರೀಕ್ಷೆಗಳಲ್ಲಿ ಹೆಚ್ಚು ಹೆಸರಾದದ್ದು ಗಿಲ್ಬರ್ಟ್ ಲೆವಿನ್ ಮತ್ತು ಪೆಟ್ರೀಷಿಯಾ ಸ್ಟ್ರಾಟ್ ಅವರ ಪ್ರಯೋಗ. ಲೆವಿನ್ ಮೂಲತಃ ನೈರ್ಮಲ್ಯ ಎಂಜಿನಿಯರ್. ಕುಡಿಯುವ ನೀರಿನಲ್ಲಿ ಕೊಳಚೆಯ ಬ್ಯಾಕ್ಟೀರಿಯಾಗಳು ಸೇರಿವೆಯೇ ಎಂದು ಬೇಗ ತಿಳಿಯಲು ಅವರು ರೂಪಿಸಿದ್ದ ವಿಧಾನವೇ ಮಂಗಳಕ್ಕೂ ಹೋಯಿತು. ಸೂಕ್ಷ್ಮಜೀವಿಗಳು ತಿನ್ನಬಲ್ಲ ಸರಳ ಪೋಷಕಾಂಶಗಳನ್ನು ನೀರಿನಲ್ಲಿ ಕರಗಿಸಿ, ಅವುಗಳಲ್ಲಿನ ಇಂಗಾಲದ ಒಂದು ಪಾಲನ್ನು ವಿಕಿರಣಶೀಲವಾದ ಇಂಗಾಲ-14ರಿಂದ ಬದಲಿಸಿ, ಆ ದ್ರವದ ಕೆಲವು ಹನಿಗಳನ್ನು ಮಣ್ಣಿಗೆ ಬೀಳಿಸುವುದು. ಮಣ್ಣಿನಲ್ಲಿ ಜೀವಿಗಳಿದ್ದರೆ ಅವು ಅದನ್ನು ತಿಂದು ಹೊರಬಿಡುವ ಅನಿಲದಲ್ಲಿ ವಿಕಿರಣಶೀಲತೆ ಕಾಣಿಸಿಕೊಳ್ಳಬೇಕು ಎಂಬುದು ಅದರ ತತ್ತ್ವ. ಎರಡೂ ತಾಣಗಳಲ್ಲಿ ಹನಿ ಬಿದ್ದೊಡನೆ ಅನಿಲ ಹೊರಬಂತು. ಅದೇ ಮಣ್ಣಿನ ಇನ್ನೊಂದು ಪಾಲನ್ನು ಮೊದಲು 160 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿ ಪ್ರಯೋಗ ಮಾಡಿದಾಗ ಅನಿಲ ಬರಲಿಲ್ಲ. ಸಂಶಯದ ಅಂಶವನ್ನು ಬೇಕೆಂದೇ ತೆಗೆದುಹಾಕಿ ಹೋಲಿಸಿ ನೋಡುವ ಇಂಥ ಜೋಡಿ ಪರೀಕ್ಷೆಯನ್ನು ನಿಯಂತ್ರಣ ಪ್ರಯೋಗ ಎನ್ನುತ್ತಾರೆ. ಶಾಖದಿಂದ ನಾಶವಾಗುವ ಯಾವುದೋ ಒಂದು ವಸ್ತು ಮಣ್ಣಿನಲ್ಲಿದೆ ಎಂಬುದನ್ನು ಅದು ಎತ್ತಿ ತೋರಿಸಿತು. ಹಾರಾಟಕ್ಕೆ ಮೊದಲೇ ನಿಗದಿಯಾಗಿದ್ದ ಮಾನದಂಡದ ಪ್ರಕಾರ ಇದು ಜೀವ ಪತ್ತೆಯಾದಂತೆಯೇ ಆಗಿತ್ತು.

ಆದರೆ ಇತರ ಫಲಿತಾಂಶಗಳು ಇದಕ್ಕೆ ಹೊಂದಿಕೊಳ್ಳಲಿಲ್ಲ. ವ್ಯಾನ್ಸ್ ಒಯಾಮಾ ಅವರ ಪ್ರಯೋಗದಲ್ಲಿ ಮಣ್ಣಿಗೆ ಬರಿಯ ತೇವ ತಗಲಿದೊಡನೆ ಆಮ್ಲಜನಕ ಹೊರಬಂದಿತು, ಮತ್ತು ಮಣ್ಣನ್ನು ಮೊದಲೇ ಕಾಯಿಸಿದ್ದರೂ ಅದು ನಿಲ್ಲಲಿಲ್ಲ; ಕತ್ತಲಲ್ಲಿ, ಕಾದ ಮಣ್ಣಿನಲ್ಲಿ ಆಮ್ಲಜನಕ ಬಿಡುವ ಜೀವಿಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ನಾರ್ಮನ್ ಹೊರೊವಿಟ್ಜ್ ಅವರ ಮೂರನೆಯ ಪ್ರಯೋಗ ಅತಿ ಸಣ್ಣ ಸೂಚನೆಯೊಂದನ್ನು ಕೊಟ್ಟು ಸುಮ್ಮನಾಯಿತು. ಎಲ್ಲಕ್ಕಿಂತ ದೊಡ್ಡ ಏಟು ಬಿದ್ದದ್ದು ಕ್ಲಾಸ್ ಬೀಮನ್ ಅವರ ನೇತೃತ್ವದ ಅಣುವಿಶ್ಲೇಷಣೆಯಿಂದ: ಮಣ್ಣನ್ನು 500 ಡಿಗ್ರಿಯವರೆಗೆ ಕಾಯಿಸಿದರೂ ಅದರಲ್ಲಿ ಸಾವಯವ ಅಣುಗಳು, ಅಂದರೆ ಇಂಗಾಲ ಮತ್ತು ಜಲಜನಕಗಳು ಬೆಸೆದ, ಜೀವದ ಕಟ್ಟಡಕ್ಕೆ ಬೇಕಾದ ಅಣುಗಳು ಕಾಣಲೇ ಇಲ್ಲ. ಕಂಡ ಎರಡೇ ಎರಡು ಕ್ಲೋರಿನ್‌ಯುಕ್ತ ಸಂಯುಕ್ತಗಳನ್ನು ಭೂಮಿಯಲ್ಲಿ ಉಪಕರಣ ತೊಳೆಯಲು ಬಳಸಿದ ದ್ರಾವಕಗಳ ಉಳಿಕೆಯೆಂದು ಬದಿಗಿಡಲಾಯಿತು. ದೇಹವೇ ಇಲ್ಲದ ಮೇಲೆ ಜೀವವೆಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಲೆವಿನ್ ಅವರ ಪ್ರಯೋಗದಲ್ಲೇ ಇನ್ನೊಂದು ಅಸಂಗತಿಯಿತ್ತು: ಎರಡನೆಯ ಸಲ ಪೋಷಕ ದ್ರವ ಹಾಕಿದಾಗ ಅನಿಲ ಹೆಚ್ಚುವ ಬದಲು ಸ್ವಲ್ಪ ಕಡಿಮೆಯಾಯಿತು. ಹಸಿದ ಜೀವಿಗಳು ಎರಡನೆಯ ಊಟವನ್ನು ಬಿಡುವುದು ವಿಚಿತ್ರ.

ಇಡ್ಲಿ ಹಿಟ್ಟು ರಾತ್ರಿಯಿಡೀ ಹುದುಗಿ ಉಬ್ಬಿದರೂ, ಅಡುಗೆ ಸೋಡಾ ಬಿದ್ದು ಕ್ಷಣದಲ್ಲಿ ಉಬ್ಬಿದರೂ ಒಳಗೆ ಹುಟ್ಟುವುದು ಇಂಗಾಲದ ಡೈಆಕ್ಸೈಡ್ ಅನಿಲವೇ. ಮೊದಲನೆಯದು ಸೂಕ್ಷ್ಮಜೀವಿಗಳ ಕೆಲಸ, ಎರಡನೆಯದು ಬರಿಯ ರಸಾಯನಕ್ರಿಯೆ. ವೈಕಿಂಗ್‌ನ ಅನಿಲ ಬಂದ ರಭಸ ಮತ್ತು ನಿಂತ ರೀತಿ ಎರಡನೆಯದನ್ನೇ ಹೆಚ್ಚು ಹೋಲುತ್ತಿದ್ದುದರಿಂದ, ಮಂಗಳದ ಮಣ್ಣಿನಲ್ಲಿ ಪೋಷಕಾಂಶಗಳನ್ನು ಸುಟ್ಟುಹಾಕುವ ಯಾವುದೋ ಪ್ರಬಲ ಉತ್ಕರ್ಷಕ ರಾಸಾಯನಿಕವಿದೆಯೆಂದು ಬಹುಪಾಲು ವಿಜ್ಞಾನಿಗಳು ತೀರ್ಮಾನಿಸಿದರು. ಲೆವಿನ್ ಮಾತ್ರ ಒಪ್ಪಲಿಲ್ಲ; 2021ರಲ್ಲಿ ತೀರಿಕೊಳ್ಳುವವರೆಗೂ ತಮ್ಮ ಪ್ರಯೋಗ ಜೀವವನ್ನೇ ಕಂಡಿತ್ತೆಂದು ಅವರು ವಾದಿಸುತ್ತಲೇ ಇದ್ದರು. ಆ ಹಟವನ್ನು ಹಾಸ್ಯ ಮಾಡಿದವರುಂಟು, ಆದರೆ ಎದುರುಪಕ್ಷದ ತೀರ್ಪೂ ಅಷ್ಟೇನೂ ನಿಖರವಾಗಿರಲಿಲ್ಲವೆಂದು ಮುಂದೆ ಗೊತ್ತಾಯಿತು.

2008ರ ಮೇ ತಿಂಗಳಲ್ಲಿ ಮಂಗಳದ ಉತ್ತರ ಧ್ರುವದ ಸಮೀಪ ಇಳಿದ ಫೀನಿಕ್ಸ್ ಲ್ಯಾಂಡರ್ ಅಲ್ಲಿನ ಮಣ್ಣಿನಲ್ಲಿ ತೂಕದ ಶೇ 0.5ರಷ್ಟು ಪರ್ಕ್ಲೋರೇಟ್ ಎಂಬ ಲವಣವಿರುವುದನ್ನು ಪತ್ತೆಹಚ್ಚಿತು. ಕ್ಲೋರಿನ್ ಮತ್ತು ಆಮ್ಲಜನಕಗಳಿಂದಾದ ಈ ಲವಣ ತಣ್ಣಗಿರುವಾಗ ನಿರುಪದ್ರವಿಯಾದರೂ, ಕಾಯಿಸಿದಾಗ ಆಮ್ಲಜನಕವನ್ನು ಬಿಟ್ಟು ಅಕ್ಕಪಕ್ಕದ ಸಾವಯವ ಅಣುಗಳನ್ನು ಸುಟ್ಟುಬಿಡುತ್ತದೆ. ಭೂಮಿಯಲ್ಲಿ ಇದನ್ನು ರಾಕೆಟ್ ಇಂಧನದಲ್ಲಿ ಬಳಸುವುದು ಈ ಗುಣಕ್ಕಾಗಿಯೇ. 2010ರಲ್ಲಿ ಮೆಕ್ಸಿಕೋದ ರಾಫೆಲ್ ನವಾರೋ-ಗೊಂಝಾಲೆಝ್ ಮತ್ತು ಸಹೋದ್ಯೋಗಿಗಳು ಚಿಲಿಯ ಅಟಕಾಮಾ ಮರುಭೂಮಿಯ ಮಣ್ಣಿಗೆ ಪರ್ಕ್ಲೋರೇಟ್ ಬೆರೆಸಿ ಕಾಯಿಸಿದಾಗ, ಮಣ್ಣಿನಲ್ಲಿದ್ದ ಸಾವಯವ ವಸ್ತು ನಾಶವಾಗಿ, ವೈಕಿಂಗ್ ಕಂಡಿದ್ದ ಅದೇ ಎರಡು ಕ್ಲೋರಿನ್ ಸಂಯುಕ್ತಗಳು ಹೊರಬಂದವು. ಅಂದರೆ ವೈಕಿಂಗ್ ತಾನು ಹುಡುಕುತ್ತಿದ್ದ ವಸ್ತುವನ್ನು ಹುಡುಕುವ ಕ್ರಿಯೆಯಲ್ಲೇ ಸುಟ್ಟುಹಾಕಿರುವ ಸಾಧ್ಯತೆ ತೆರೆದುಕೊಂಡಿತು. 2012ರಲ್ಲಿ ಗೇಲ್ ಕುಳಿಯೊಳಗೆ ಇಳಿದ ಕ್ಯೂರಿಯಾಸಿಟಿ ರೋವರ್ 300 ಕೋಟಿ ವರ್ಷಗಳಿಗೂ ಹಳೆಯ ಕೆಸರುಗಲ್ಲಿನಲ್ಲಿ ಸಾವಯವ ಅಣುಗಳಿರುವುದನ್ನು 2018ರಲ್ಲಿ ದೃಢಪಡಿಸಿ, 2025ರಲ್ಲಿ ಹತ್ತರಿಂದ ಹನ್ನೆರಡು ಇಂಗಾಲದ ಪರಮಾಣುಗಳ ಉದ್ದನೆಯ ಸರಪಳಿಗಳನ್ನೂ ವರದಿ ಮಾಡಿತು. ಸಾವಯವ ಅಣು ಎಂದಾಕ್ಷಣ ಜೀವಿ ಎಂದರ್ಥವಲ್ಲ, ಅಂತರಿಕ್ಷದ ಧೂಳಿನಲ್ಲೂ ಅವು ಧಾರಾಳವಾಗಿವೆ. ಆದರೂ ‘ಮಂಗಳದಲ್ಲಿ ಸಾವಯವ ವಸ್ತುವೇ ಇಲ್ಲ’ ಎಂಬ, ಮೂರು ದಶಕ ಪಠ್ಯಪುಸ್ತಕಗಳಲ್ಲಿದ್ದ ವಾಕ್ಯ ಅಳಿಸಿಹೋಯಿತು.

ವೈಕಿಂಗ್‌ನ ಗೊಂದಲಕ್ಕಿಂತ ಹತ್ತು ವರ್ಷ ಮೊದಲೇ ಜೇಮ್ಸ್ ಲವ್‌ಲಾಕ್ ಎಂಬ ಬ್ರಿಟಿಷ್ ವಿಜ್ಞಾನಿ ಬೇರೊಂದು ದಾರಿಯನ್ನು ಸೂಚಿಸಿದ್ದರು. ಮಣ್ಣು ಕೆರೆಯುವ ಬದಲು ಗ್ರಹದ ಗಾಳಿಯನ್ನು ನೋಡಿ, ಒಟ್ಟಿಗೆ ಬಾಳಲಾರದ ಅನಿಲಗಳು ಅಲ್ಲಿ ಒಟ್ಟಿಗಿವೆಯೇ ಎಂದು ಕೇಳಿ ಎಂಬುದು ಅವರ ಸಲಹೆ. ಭೂಮಿಯ ಗಾಳಿಯಲ್ಲಿ ಆಮ್ಲಜನಕವೂ ಮೀಥೇನೂ ಇವೆ. ಇವೆರಡೂ ಪರಸ್ಪರ ವರ್ತಿಸಿ ಮೀಥೇನ್ ಸವೆದುಹೋಗುವುದರಿಂದ, ಅದನ್ನು ನಿರಂತರವಾಗಿ ತುಂಬಿಕೊಡುವ ಏನೋ ಒಂದು ಇರಲೇಬೇಕು, ಮತ್ತು ಭೂಮಿಯಲ್ಲಿ ಅದು ಬಹುಮಟ್ಟಿಗೆ ಜೀವಿಗಳೇ. ಹೀಗೆ ಗಾಳಿ ತನ್ನ ರಾಸಾಯನಿಕ ಸಮತೋಲನದಿಂದ ದೂರ ಸರಿದಿರುವುದೇ ಒಂದು ಕುರುಹು. ಬಹುಪಾಲು ಇಂಗಾಲದ ಡೈಆಕ್ಸೈಡ್‌ನಿಂದ ಕೂಡಿದ ಮಂಗಳದ ತೆಳು ಗಾಳಿ ಸಮತೋಲನಕ್ಕೆ ಹತ್ತಿರವೇ ಇದೆಯಾದ್ದರಿಂದ ಅಲ್ಲಿ ಜೀವ ಕಾಣುವ ಸಂಭವ ಕಡಿಮೆ ಎಂದು ಲವ್‌ಲಾಕ್ ಎಣಿಸಿದ್ದರು. ಈ ತರ್ಕವನ್ನು ಪರೀಕ್ಷಿಸಲು ಒಂದೇ ಒಂದು ಗ್ರಹವಿತ್ತು. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೋ ನೌಕೆ 1990ರ ಡಿಸೆಂಬರ್ 8ರಂದು ವೇಗ ಪಡೆಯಲೆಂದು ಭೂಮಿಯ ಪಕ್ಕದಲ್ಲೇ ಹಾದುಹೋದಾಗ, ಕಾರ್ಲ್ ಸೇಗನ್ ಅವರ ತಂಡ ಅದರ ಉಪಕರಣಗಳನ್ನು ಭೂಮಿಯತ್ತಲೇ ತಿರುಗಿಸಿ, ಇಲ್ಲಿ ಜೀವವಿದೆಯೆಂದು ಮೊದಲೇ ಗೊತ್ತಿಲ್ಲದವರಂತೆ ದತ್ತಾಂಶವನ್ನು ವಿಶ್ಲೇಷಿಸಿತು. ಹೇರಳ ಆಮ್ಲಜನಕ, ಅದರೊಂದಿಗೆ ಇರಬಾರದ ಮೀಥೇನ್, ನೆಲದ ಮೇಲೆ ಕೆಂಪು ಬೆಳಕನ್ನು ಹೀರುವ ಯಾವುದೋ ವರ್ಣದ್ರವ್ಯ, ಕ್ರಮಬದ್ಧ ರೇಡಿಯೋ ಸಂಕೇತ ಎಲ್ಲವೂ ಸಿಕ್ಕವು. ಜೀವವಿರುವ ಗ್ರಹವನ್ನು ದೂರದಿಂದ ಗುರುತಿಸಲು ಸಾಧ್ಯವೆಂಬುದಕ್ಕೆ ಇಂದಿಗೂ ಇರುವ ಅತ್ಯುತ್ತಮ ನಿಯಂತ್ರಣ ಪ್ರಯೋಗ ಇದು.

ಮಂಗಳದ ಮೀಥೇನಿನ ಕಥೆ ಇಷ್ಟು ಸ್ವಚ್ಛವಾಗಿಲ್ಲ. 2004ರ ಸುಮಾರಿಗೆ ಭೂಮಿಯ ದೂರದರ್ಶಕಗಳಿಂದಲೂ ಯೂರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯಿಂದಲೂ ಅಲ್ಲಿ ಮೀಥೇನಿದೆಯೆಂಬ ವರದಿಗಳು ಬಂದವು. ಸೂರ್ಯನ ಬೆಳಕಿನಲ್ಲಿ ಆ ಅನಿಲ ಕೆಲವು ನೂರು ವರ್ಷಗಳಲ್ಲೇ ಒಡೆದುಹೋಗುವುದರಿಂದ, ಇಂದು ಇದ್ದರೆ ಅದು ಇತ್ತೀಚೆಗೆ ಹೊರಬಂದದ್ದೇ ಆಗಿರಬೇಕು. ಕ್ಯೂರಿಯಾಸಿಟಿ ರೋವರ್ ನೆಲದ ಮಟ್ಟದಲ್ಲಿ ನೂರು ಕೋಟಿಗೆ ಅರ್ಧ ಭಾಗಕ್ಕಿಂತಲೂ ಕಡಿಮೆ ಮೀಥೇನನ್ನು ಅಳೆದು, ಅದು ಋತುವಿಗೆ ತಕ್ಕಂತೆ ಏರಿಳಿಯುತ್ತದೆಯೆಂದಿತು. ಇನ್ನೂ ಸೂಕ್ಷ್ಮ ಉಪಕರಣವಿದ್ದ ಯೂರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್ ನೌಕೆ ಕಕ್ಷೆಯಿಂದ ಹುಡುಕಿ, ಮೀಥೇನ್ ಇಲ್ಲವೆಂದು 2019ರಲ್ಲಿ ವರದಿ ಮಾಡಿತು. ಈ ವೈರುಧ್ಯಕ್ಕೆ ಹಗಲು-ರಾತ್ರಿಯ ವ್ಯತ್ಯಾಸ ಕಾರಣವೆಂದು ಕೆಲವರೂ, ಭೂಮಿಯಿಂದಲೇ ರೋವರಿನೊಳಗೆ ಸಿಲುಕಿ ಹೋದ ಮೀಥೇನಿನ ಸೋರಿಕೆ ಕಾರಣವಿರಬಹುದೆಂದು ಮತ್ತೆ ಕೆಲವರೂ ವಾದಿಸುತ್ತಾರೆ. ಇದ್ದರೂ ಅದು ಜೀವಿಗಳದ್ದೇ ಆಗಬೇಕೆಂದಿಲ್ಲ, ಆಲಿವಿನ್ ಎಂಬ ಕಬ್ಬಿಣಯುಕ್ತ ಖನಿಜದೊಂದಿಗೆ ಬಿಸಿನೀರು ವರ್ತಿಸಿದಾಗ ಹುಟ್ಟುವ ಜಲಜನಕ ಇಂಗಾಲದೊಂದಿಗೆ ಸೇರಿ ಮೀಥೇನ್ ಆಗಬಲ್ಲದು. 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿ ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ನಡೆದ ಇಸ್ರೋದ ಮಂಗಳಯಾನದಲ್ಲಿಯೂ ಮೀಥೇನ್ ಸಂವೇದಕವೊಂದಿತ್ತು. ಅದು ಕಳುಹಿಸಿದ ಅಳತೆಗಳು ಗ್ರಹದ ಮೇಲ್ಮೈ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆ ಎಂಬುದರ ನಕ್ಷೆಗೆ ಒದಗಿದವೇ ಹೊರತು ಮೀಥೇನಿನ ವಾದವನ್ನು ಬಗೆಹರಿಸಲಿಲ್ಲ.

ನೌಕೆ ಕಳುಹಿಸದೆಯೇ ಮಂಗಳದ ಕಲ್ಲು ಕೈಗೆ ಬರುವುದೂ ಉಂಟು. ಕ್ಷುದ್ರಗ್ರಹಗಳು ಅಪ್ಪಳಿಸಿದಾಗ ಚಿಮ್ಮಿದ ಮಂಗಳದ ಶಿಲೆಗಳಲ್ಲಿ ಕೆಲವು ಅಂತರಿಕ್ಷದಲ್ಲಿ ಅಲೆದು ಭೂಮಿಗೆ ಬೀಳುತ್ತವೆ. ಅಂಥ ಒಂದು ಉಲ್ಕಾಶಿಲೆಯೊಳಗೆ ಸಿಕ್ಕಿಕೊಂಡಿದ್ದ ಅನಿಲಗಳು ವೈಕಿಂಗ್ ಅಳೆದ ಮಂಗಳದ ಗಾಳಿಗೆ ಹೊಂದಿದ್ದರಿಂದ ಅವುಗಳ ತವರು ಖಚಿತವಾಯಿತು. 1984ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕಾದ ಅಲನ್ ಹಿಲ್ಸ್ ಪ್ರದೇಶದಲ್ಲಿ ದೊರೆತ, ಸುಮಾರು 2 ಕಿಲೋ ತೂಕದ, ಎಎಲ್ಎಚ್84001 ಎಂಬ ಸಂಖ್ಯೆಯ ಕಲ್ಲು ಅವುಗಳಲ್ಲೇ ಅತಿ ಹಳೆಯವುಗಳಲ್ಲೊಂದು. ಅದು ಗಟ್ಟಿಯಾದದ್ದು 400 ಕೋಟಿ ವರ್ಷಗಳಿಗೂ ಹಿಂದೆ. 1996ರ ಆಗಸ್ಟ್‌ನಲ್ಲಿ ನಾಸಾದ ಡೇವಿಡ್ ಮೆಕೇ ಮತ್ತು ಸಂಗಡಿಗರು ಅದರಲ್ಲಿ ನಾಲ್ಕು ಸಂಗತಿಗಳು ಒಟ್ಟಿಗಿವೆಯೆಂದು ತೋರಿಸಿದರು: ನೀರಿನಿಂದ ಕೂಡಿಬಂದ ಕಾರ್ಬೊನೇಟ್ ಗೋಲಿಗಳು, ಸಾವಯವ ಅಣುಗಳು, ಕೆಲವು ಬ್ಯಾಕ್ಟೀರಿಯಾಗಳು ತಮ್ಮೊಳಗೆ ಬೆಳೆಸುವಂಥ ಕಾಂತೀಯ ಮ್ಯಾಗ್ನೆಟೈಟ್ ಹರಳುಗಳು, ಹುಳುವಿನಾಕಾರದ ಅತಿಸೂಕ್ಷ್ಮ ರಚನೆಗಳು. ಒಂದೊಂದನ್ನೂ ಬೇರೆ ರೀತಿ ವಿವರಿಸಬಹುದಾದರೂ ಒಟ್ಟಾಗಿ ಅವು ಪ್ರಾಚೀನ ಜೀವವನ್ನೇ ಸೂಚಿಸುತ್ತವೆಂಬುದು ಅವರ ವಾದ. ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಸ್ವತಃ ಪತ್ರಕರ್ತರ ಮುಂದೆ ಅದರ ಬಗ್ಗೆ ಮಾತನಾಡಿದರು. ಮುಂದಿನ ವರ್ಷಗಳಲ್ಲಿ ಆ ನಾಲ್ಕೂ ಕಂಬಗಳು ಒಂದೊಂದಾಗಿ ಅಲುಗಿದವು: ಆ ‘ಹುಳು’ಗಳು ತಿಳಿದಿರುವ ಯಾವ ಕೋಶವೂ ಬದುಕಲಾರದಷ್ಟು ಚಿಕ್ಕವಾಗಿದ್ದವು, ಅಂಥ ಹರಳುಗಳನ್ನು ಕಾರ್ಬೊನೇಟನ್ನು ಕಾಯಿಸಿ ಪ್ರಯೋಗಾಲಯದಲ್ಲಿ ಪಡೆಯಲಾಯಿತು, ಸಾವಯವ ಅಣುಗಳು ನೀರು-ಬಂಡೆಗಳ ಒಡನಾಟದಿಂದಲೇ ಉಂಟಾಗಿರಬಹುದೆಂದು 2022ರ ಅಧ್ಯಯನವೊಂದು ಹೇಳಿತು. ಆ ಕಲ್ಲು ಜೀವವನ್ನು ತೋರಿಸಲಿಲ್ಲ, ಆದರೆ ಖಗೋಳ ಜೀವವಿಜ್ಞಾನಕ್ಕೆ ಹಣ, ಸಂಸ್ಥೆ ಮತ್ತು ಒಂದು ತಲೆಮಾರಿನ ಸಂಶೋಧಕರನ್ನು ತಂದುಕೊಟ್ಟಿತು. ಯಶಸ್ವಿಯಾದ ಎಷ್ಟೋ ಪ್ರಬಂಧಗಳು ಮಾಡದ ಕೆಲಸವನ್ನು ಬಿದ್ದುಹೋದ ಈ ವಾದ ಮಾಡಿತೆನ್ನಬೇಕು.

ಭೂಮಿಯ ಕಲ್ಲುಗಳ ಬಗ್ಗೆಯೇ ಇಂಥ ಜಗಳಗಳಿವೆಯೆಂಬುದನ್ನು ಇಲ್ಲಿ ಮರೆಯಬಾರದು. ಸೂಕ್ಷ್ಮಜೀವಿಗಳ ಲೋಳೆಪದರಗಳ ಮೇಲೆ ಕೆಸರು ಕೂತು, ಮತ್ತೆ ಪದರ ಬೆಳೆದು, ಹೀಗೆ ಕಟ್ಟಿಕೊಂಡ ಮಡಿಕೆ ಮಡಿಕೆಯಾದ ಶಿಲಾರಚನೆಗೆ ಸ್ಟ್ರೊಮಾಟೊಲೈಟ್ ಎಂದು ಹೆಸರು. ಚಿತ್ರದುರ್ಗದ ಶಿಲಾಪಟ್ಟಿಯ ಸುಣ್ಣಗಲ್ಲುಗಳಲ್ಲಿಯೂ 250 ಕೋಟಿ ವರ್ಷಗಳಿಗೂ ಹಳೆಯ ಇಂಥ ರಚನೆಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಆಸ್ಟ್ರೇಲಿಯಾದ ಪಿಲ್ಬರಾ ಪ್ರದೇಶದ ಸುಮಾರು 343 ಕೋಟಿ ವರ್ಷ ಹಳೆಯ ಸ್ಟ್ರೊಮಾಟೊಲೈಟ್‌ಗಳು ಜೀವಿಗಳದ್ದೇ ಎಂದು 2006ರಲ್ಲಿ ಸಮರ್ಥವಾಗಿ ವಾದಿಸಿದವರು ಅಬಿಗೇಲ್ ಆಲ್‌ವುಡ್. 2016ರಲ್ಲಿ ಗ್ರೀನ್‌ಲ್ಯಾಂಡಿನಲ್ಲಿ 370 ಕೋಟಿ ವರ್ಷದ ಸ್ಟ್ರೊಮಾಟೊಲೈಟ್ ಸಿಕ್ಕಿತೆಂದು ಇನ್ನೊಂದು ತಂಡ ಸಾರಿದಾಗ, ಅದು ಭೂಗರ್ಭದ ಒತ್ತಡದಿಂದ ಬಂಡೆ ಮಡಿಚಿಕೊಂಡದ್ದರ ಫಲವೇ ಹೊರತು ಜೀವಿಗಳ ಕೆಲಸವಲ್ಲವೆಂದು 2018ರಲ್ಲಿ ತೋರಿಸಿದವರೂ ಅವರೇ. ಬಂಡೆಯ ಬಳಿಗೆ ನಡೆದುಹೋಗಿ, ಸುತ್ತಿಗೆಯಿಂದ ಒಡೆದು, ಬೇಕಾದಷ್ಟು ಸಲ ಪ್ರಯೋಗಾಲಯಕ್ಕೆ ಒಯ್ಯಬಹುದಾದ ಭೂಮಿಯಲ್ಲೇ ಸ್ಥಿತಿ ಹೀಗಿರುವಾಗ, ಕೋಟ್ಯಂತರ ಕಿಲೋಮೀಟರ್ ದೂರದ ರೋವರ್ ಕಳುಹಿಸಿದ ಚಿತ್ರದ ಮೇಲೆ ತೀರ್ಪು ಕೊಡುವುದು ಎಷ್ಟು ಕಠಿಣವೆಂದು ಊಹಿಸಬಹುದು. ಮಂಗಳದ ಈಗಿನ ರೋವರಿನ ತೋಳಿನಲ್ಲಿರುವ, ಕಲ್ಲಿನ ಮೇಲ್ಮೈಯಲ್ಲಿ ಧಾತುಗಳು ಹರಡಿರುವ ರೀತಿಯನ್ನು ಎಕ್ಸ್-ಕಿರಣಗಳಿಂದ ನಕ್ಷೆ ಮಾಡುವ ಪಿಕ್ಸಲ್ ಉಪಕರಣದ ಹೊಣೆ ಹೊತ್ತವರೂ ಆಲ್‌ವುಡ್ ಅವರೇ ಎಂಬುದು ಕಾಕತಾಳೀಯವಲ್ಲ.

ಆ ರೋವರಿನ ಹೆಸರು ಪರ್ಸಿವಿಯರೆನ್ಸ್. 2021ರ ಫೆಬ್ರುವರಿ 18ರಂದು ಅದು ಇಳಿದ ಜೆಝೆರೊ ಕುಳಿ ಸುಮಾರು 45 ಕಿಲೋಮೀಟರ್ ಅಗಲದ್ದಾಗಿದ್ದು, 350 ಕೋಟಿ ವರ್ಷಗಳಿಗೂ ಹಿಂದೆ ಅದರಲ್ಲಿ ಸರೋವರವೂ ಅದಕ್ಕೆ ಬಂದು ಸೇರುವ ನದಿಯೂ ಇದ್ದುದಕ್ಕೆ ನದಿ ತಂದು ಸುರಿದ ಕೆಸರಿನ ಬೀಸಣಿಗೆಯಾಕಾರದ ರಾಶಿ ಸಾಕ್ಷಿಯಾಗಿದೆ. 2024ರ ಜುಲೈನಲ್ಲಿ ನೆರೆಟ್ವಾ ಎಂಬ ಆ ಹಳೆಯ ನದೀಪಾತ್ರದಲ್ಲಿ ರೋವರ್ ಸುಮಾರು ಒಂದು ಮೀಟರ್ ಉದ್ದದ ಕೆಂಪು ಕೆಸರುಗಲ್ಲೊಂದನ್ನು ಕಂಡಿತು. ಚೆಯಾವಾ ಫಾಲ್ಸ್ ಎಂದು ಹೆಸರಿಸಲಾದ ಅದರ ಮೈಮೇಲೆ ಚಿರತೆಯ ಚುಕ್ಕೆಗಳಂತೆ, ನಡುವೆ ಬಿಳಿಚಿಕೊಂಡು ಅಂಚಿನಲ್ಲಿ ಕಪ್ಪಾದ, ಮಿಲಿಮೀಟರ್ ಗಾತ್ರದ ಮಚ್ಚೆಗಳಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ಜೋಯೆಲ್ ಹುರೊವಿಟ್ಜ್ ಮತ್ತು ಸಹೋದ್ಯೋಗಿಗಳು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಮಚ್ಚೆಯ ಅಂಚಿನಲ್ಲಿ ಕಬ್ಬಿಣ ಮತ್ತು ರಂಜಕದ ಖನಿಜವಾದ ವಿವಿಯನೈಟ್, ನಡುವೆ ಕಬ್ಬಿಣ ಮತ್ತು ಗಂಧಕದ ಖನಿಜವಾದ ಗ್ರೀಗೈಟ್ ಇರುವಂತೆ ತೋರುತ್ತದೆ, ಮತ್ತು ಅದೇ ಕಲ್ಲಿನಲ್ಲಿ ಸಾವಯವ ಇಂಗಾಲವೂ ಇದೆ.

ಈ ಜೋಡಣೆ ಏಕೆ ಮುಖ್ಯವೆಂದರೆ, ಭೂಮಿಯ ಕೆರೆ-ಸಮುದ್ರಗಳ ತಳದ ಕೆಸರಿನಲ್ಲಿ ಆಮ್ಲಜನಕ ಸಿಗದ ಸೂಕ್ಷ್ಮಜೀವಿಗಳು ಸಾವಯವ ವಸ್ತುವನ್ನು ಒಡೆದು ಶಕ್ತಿ ಪಡೆಯುವಾಗ, ಬಿಡುಗಡೆಯಾಗುವ ಇಲೆಕ್ಟ್ರಾನುಗಳನ್ನು ತುಕ್ಕುಹಿಡಿದ ಕಬ್ಬಿಣಕ್ಕೋ ಸಲ್ಫೇಟಿಗೋ ದಾಟಿಸುತ್ತವೆ. ಕಬ್ಬಿಣದ ಕೆಂಪು ಬಣ್ಣ ಮಾಸಿ, ವಿವಿಯನೈಟ್ ಮತ್ತು ಗ್ರೀಗೈಟ್‌ಗಳೇ ಶೇಷವಾಗಿ ಉಳಿಯುತ್ತವೆ. ಜೀವಿಗಳ ನೆರವಿಲ್ಲದೆ ಗಂಧಕವನ್ನು ಹೀಗೆ ಪರಿವರ್ತಿಸಲು ಸಾಮಾನ್ಯವಾಗಿ 100 ಡಿಗ್ರಿಯನ್ನೂ ಮೀರಿದ ಶಾಖ ಬೇಕು, ಆದರೆ ಆ ಕಲ್ಲು ಅಷ್ಟು ಬಿಸಿಯಾದ ಲಕ್ಷಣವಿಲ್ಲ. ಹಾಗೆಂದ ಮಾತ್ರಕ್ಕೆ ತಣ್ಣನೆಯ ಸ್ಥಿತಿಯಲ್ಲಿ, ಲಕ್ಷಾಂತರ ವರ್ಷಗಳ ಅವಧಿಯಲ್ಲಿ ಸಾವಯವ ವಸ್ತುವೇ ನಿಧಾನವಾಗಿ ಕಬ್ಬಿಣದೊಂದಿಗೆ ವರ್ತಿಸಿರಬಾರದೆಂದಿಲ್ಲ. ಲೇಖಕರು ಅದನ್ನು ‘ಸಂಭಾವ್ಯ ಜೈವಿಕ ಕುರುಹು’ ಎಂದಷ್ಟೇ ಕರೆದರು; ವೈಕಿಂಗ್ ಮತ್ತು ಅಂಟಾರ್ಕ್ಟಿಕಾದ ಕಲ್ಲಿನ ಪಾಠ ಆ ಒಂದು ವಿಶೇಷಣದಲ್ಲಿ ಅಡಗಿದೆ.

ಈ ಎಚ್ಚರಿಕೆಗೆ ಒಂದು ಕ್ರಮ ತರಲು ನಾಸಾದ ಅಂದಿನ ಮುಖ್ಯ ವಿಜ್ಞಾನಿ ಜಿಮ್ ಗ್ರೀನ್ ಮತ್ತು ಇತರರು 2021ರಲ್ಲಿ ಏಳು ಮೆಟ್ಟಿಲುಗಳ ಅಳತೆಗೋಲೊಂದನ್ನು ಪ್ರಸ್ತಾಪಿಸಿದರು. ಕುರುಹು ಕಾಣುವುದು ಅದರಲ್ಲಿ ಮೊದಲ ಮೆಟ್ಟಿಲು ಮಾತ್ರ; ಅದು ಭೂಮಿಯಿಂದ ಹೋದ ಕಲ್ಮಶವಲ್ಲವೆಂದು ತೋರಿಸುವುದು, ಅಂಥ ಪರಿಸರದಲ್ಲಿ ಜೀವಿಗಳು ಅದನ್ನು ಉಂಟುಮಾಡಬಲ್ಲವೆಂದು ಸಾಧಿಸುವುದು, ತಿಳಿದಿರುವ ನಿರ್ಜೀವ ಮೂಲಗಳನ್ನೆಲ್ಲ ತಳ್ಳಿಹಾಕುವುದು ಅನಂತರದವು. ಅದರ ಮೇಲೆ ಸ್ವತಂತ್ರವಾದ ಮತ್ತೊಂದು ಕುರುಹು ಬೇಕು, ಬೇರೆ ತಂಡಗಳ ವೀಕ್ಷಣೆಗಳೂ ಅದನ್ನು ಎತ್ತಿಹಿಡಿಯಬೇಕು. ಈ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡು ದಿನಪತ್ರಿಕೆಯ ಸುದ್ದಿಗಳನ್ನು ಓದುವ ಅಭ್ಯಾಸ ವಿದ್ಯಾರ್ಥಿಗಳಿಗೆ ಬಹಳ ಉಪಯುಕ್ತ. ಉದಾಹರಣೆಗೆ ಕೆ2-18ಬಿ ಎಂಬ ದೂರದ ಗ್ರಹದ ವಾತಾವರಣದಲ್ಲಿ, ಭೂಮಿಯಲ್ಲಿ ಮುಖ್ಯವಾಗಿ ಸಮುದ್ರದ ಸೂಕ್ಷ್ಮಸಸ್ಯಗಳಿಂದ ಬರುವ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಅಣು ಇರಬಹುದೆಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ 2025ರ ಏಪ್ರಿಲ್‌ನಲ್ಲಿ ವರದಿ ಮಾಡಿತು. ಜೇಮ್ಸ್ ವೆಬ್ ದೂರದರ್ಶಕದ ಆ ಅಳತೆ ಆಕಸ್ಮಿಕವಾಗಿರುವ ಸಾಧ್ಯತೆ ಶೇ 0.3 ಎಂದು ತಂಡವೇ ಹೇಳಿತ್ತು, ಭೌತವಿಜ್ಞಾನದಲ್ಲಿ ಆವಿಷ್ಕಾರವೆನಿಸಲು ಅದಕ್ಕಿಂತ ಸಾವಿರಾರು ಪಟ್ಟು ಬಿಗಿಯಾದ ಖಾತ್ರಿ ಬೇಕು. ಬೇರೆ ತಂಡಗಳು ಅದೇ ದತ್ತಾಂಶದಲ್ಲಿ ಆ ಅಣುವಿನ ಅಗತ್ಯವೇ ಇಲ್ಲವೆಂದವು. ಅದೇ ಅಣು ನಿರ್ಜೀವವಾದ 67ಪಿ ಧೂಮಕೇತುವಿನಲ್ಲೂ ಕಂಡಿದೆ. ಅಂದರೆ ಮೊದಲ ಮೆಟ್ಟಿಲೇ ಇನ್ನೂ ಗಟ್ಟಿಯಾಗಿಲ್ಲ.

ಶನಿಯ ಉಪಗ್ರಹ ಎನ್ಸೆಲಾಡಸ್ ಈ ದೃಷ್ಟಿಯಿಂದ ಹೆಚ್ಚು ಭರವಸೆ ಕೊಡುತ್ತದೆ, ಏಕೆಂದರೆ ಹಿಮದ ಚಿಪ್ಪಿನಡಿಯ ಅದರ ಸಾಗರದಿಂದ ಚಿಮ್ಮುವ ನೀರಾವಿಯ ನಡುವೆಯೇ ಕ್ಯಾಸಿನಿ ನೌಕೆ ಹಾದುಹೋಗಿ ಲವಣ, ಜಲಜನಕ ಮತ್ತು ಸಾವಯವ ಅಣುಗಳನ್ನು ಗುರುತಿಸಿತ್ತು. ಗುರುವಿನ ಉಪಗ್ರಹ ಯುರೋಪಾದಲ್ಲಿಯೂ ಅಂಥ ಸಾಗರವಿದೆಯೆಂದು ನಂಬಲಾಗಿದ್ದು, 2024ರ ಅಕ್ಟೋಬರ್‌ನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ಗುರುವನ್ನು ತಲುಪಲಿದೆ. ಅದು ಹುಡುಕುವುದು ಜೀವವನ್ನಲ್ಲ, ಜೀವಕ್ಕೆ ತಕ್ಕ ಪರಿಸ್ಥಿತಿಯನ್ನು.

ಚೆಯಾವಾ ಫಾಲ್ಸ್ ಕಲ್ಲಿನ ಪ್ರಶ್ನೆಯನ್ನು ಬಗೆಹರಿಸುವ ಉಪಾಯ ಮಾತ್ರ ಸ್ಪಷ್ಟವಾಗಿ ಗೊತ್ತಿದೆ. ಗಂಧಕ, ಕಬ್ಬಿಣದಂಥ ಧಾತುಗಳ ಪರಮಾಣುಗಳು ತುಸು ಹಗುರ, ತುಸು ಭಾರ ಎಂಬ ಭಿನ್ನ ರೂಪಗಳಲ್ಲಿರುತ್ತವೆ. ಇವುಗಳಿಗೆ ಐಸೊಟೋಪ್ ಎಂದು ಹೆಸರು. ಜೀವಿಗಳ ದೇಹದ ಕ್ರಿಯೆಗಳು ಸಾಮಾನ್ಯವಾಗಿ ಹಗುರ ರೂಪವನ್ನೇ ಬೇಗ ಬಳಸಿಕೊಳ್ಳುವುದರಿಂದ, ಆ ಮಚ್ಚೆಗಳ ಗಂಧಕದಲ್ಲಿ ಹಗುರ ಪರಮಾಣುಗಳ ಪಾಲು ಎಷ್ಟು ಹೆಚ್ಚಿದೆಯೆಂದು ಅಳೆದರೆ ಜೀವಿಗಳ ಕೈವಾಡ ಇತ್ತೇ ಎಂಬುದರ ಬಗ್ಗೆ ಬಲವಾದ ಸೂಚನೆ ಸಿಗುತ್ತದೆ. ಆದರೆ ಅಷ್ಟು ಸೂಕ್ಷ್ಮವಾಗಿ ಅಳೆಯುವ, ಕೋಣೆಯನ್ನೇ ತುಂಬುವ ಯಂತ್ರಗಳನ್ನು ರೋವರಿನ ಬೆನ್ನ ಮೇಲೆ ಹೊರಿಸಲಾಗದು; ಕಲ್ಲೇ ಭೂಮಿಗೆ ಬರಬೇಕು. ಆ ಉದ್ದೇಶಕ್ಕಾಗಿಯೇ ರೋವರ್ ಕಲ್ಲಿನಿಂದ ಒಂದು ತುಣುಕನ್ನು ಕೊರೆದು ‘ಸಫೈರ್ ಕ್ಯಾನ್ಯನ್’ ಎಂಬ ಹೆಸರಿನಲ್ಲಿ ಲೋಹದ ಕೊಳವೆಯೊಳಗೆ ಮುಚ್ಚಿಟ್ಟಿದೆ. ಅದನ್ನು ತರಲು ಹಾಕಿದ್ದ ಯೋಜನೆಗೆ 1,100 ಕೋಟಿ ಡಾಲರ್ ತಗಲಬಹುದು, ಕಲ್ಲು ಬರುವುದು 2040ರ ಹೊತ್ತಿಗೆ ಎಂಬ ಲೆಕ್ಕ ಹೊರಬಿದ್ದಾಗ ನಾಸಾ 2024ರಲ್ಲಿ ಆ ರೂಪದ ಯೋಜನೆಯನ್ನು ಒಪ್ಪಲಾಗದೆಂದಿತು, ಬದಲಿ ದಾರಿಗಳ ಚರ್ಚೆ ಹಣದ ಕೊರತೆಯಲ್ಲಿ ಸಿಕ್ಕಿಕೊಂಡಿತು. ಚೀನಾ ತನ್ನ ತಿಯಾನ್ವೆನ್-3 ನೌಕೆಯನ್ನು 2028ರ ಸುಮಾರಿಗೆ ಹಾರಿಸಿ ಮಂಗಳದ ಮಣ್ಣನ್ನು ತರುವುದಾಗಿ ಹೇಳಿದೆ. ಅದೇ ವರ್ಷ ಹೊರಡಬೇಕಾದ ಯೂರೋಪಿನ ರೊಸಾಲಿಂಡ್ ಫ್ರಾಂಕ್ಲಿನ್ ರೋವರ್, ವಿಕಿರಣದ ಹೊಡೆತ ತಲುಪದ ಎರಡು ಮೀಟರ್ ಆಳದಿಂದ ಮಣ್ಣು ತೆಗೆದು ಅಲ್ಲೇ ಪರೀಕ್ಷಿಸಲಿದೆ. ಇವೆರಡೂ ಜೆಝೆರೊ ಕುಳಿಗೆ ಹೋಗುವುದಿಲ್ಲ. ಸಫೈರ್ ಕ್ಯಾನ್ಯನ್ ತುಣುಕು ಭೂಮಿಯ ಪ್ರಯೋಗಾಲಯವನ್ನು ಮುಟ್ಟುವವರೆಗೆ, ಆ ಮಚ್ಚೆಗಳನ್ನು ಮಾಡಿದ್ದು ಜೀವಿಗಳೇ ಎನ್ನುವ ಶೀರ್ಷಿಕೆಯನ್ನಾಗಲಿ, ಜೀವಿಗಳಲ್ಲವೇ ಅಲ್ಲ ಎನ್ನುವ ಶೀರ್ಷಿಕೆಯನ್ನಾಗಲಿ ವಿದ್ಯಾರ್ಥಿಗಳು ಒಪ್ಪಬೇಕಾದ ಕಾರಣವಿಲ್ಲ.